ಎಮ್ಮೆ ಪಾಲು

ನಮ್ಮ ಮನೆಯಲ್ಲಿ ಯಾವ ಪಾತ್ರೆ ತೊಳೆದರೂ ಮೊದಲ ನೀರು ಎಮ್ಮೆಯದು. ಅನ್ನದ ತಪ್ಪಲೆ, ಸಾರಿನ ಗಡಿಗೆ, ಹಿಟ್ಟು ನಾದಿದ ಪರಾತ, ಬೆಲ್ಲದ ಡಬ್ಬಿ, ನಾನು ಕುಡಿದಿಟ್ಟ ಮಜ್ಜಿಗೆ ಲೋಟ, ಯಾವುದೇ ಇರಲಿ, ಅದಕ್ಕೊಂದಿಷ್ಟು ನೀರು ಹಾಕಿ, ಗಲಬರಿಸಿ, ಬಾಗಿಲ ಪಕ್ಕದ ಕಲ್ಲಿನ ಬಾನಿಗೆ ಸುರಿದ ಮೇಲೆಯೇ ಬೂದಿ, ಹುಣಸೆಹಣ್ಣು, ತೆಂಗಿನ ನಾರಿನ ಮಾತು. ಅಜ್ಜಿ ಇದಕ್ಕೆ 'ಎಮ್ಮೆ ಪಾಲು' ಅನ್ನುತ್ತಿದ್ದಳು. ಪಾತ್ರೆಗೆ ಅಂಟಿದ ಅಗುಳು, ಎಣ್ಣೆಯ ಪಸೆ, ಬೆಲ್ಲದ ಪುಡಿ, ಎಲ್ಲದರ ಮೇಲೂ ಎಮ್ಮೆಗೆ ಹಕ್ಕುಂಟು, ಅದನ್ನು ಬಚ್ಚಲಿಗೆ ಚೆಲ್ಲಿದವರ ಮನೆಯಲ್ಲಿ ಹಾಲು ನಿಲ್ಲುವುದಿಲ್ಲ ಎಂದು ಅವಳ ನಂಬಿಕೆ. ಅವಳು ಗಲಬರಿಸುವುದನ್ನು ನೋಡಬೇಕಿತ್ತು. ಪಾತ್ರೆಯನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಎರಡು ಸಲ ಎಡಕ್ಕೆ, ಎರಡು ಸಲ ಬಲಕ್ಕೆ ತೂಗುವಳು. ಆಮೇಲೆ ಕಿವಿಯ ಹತ್ತಿರ ಹಿಡಿದು, ಒಳಗೆ ಯಾರೋ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ ಹುಬ್ಬು ಗಂಟಿಕ್ಕಿ ಕೇಳುವಳು. ನೀರಿನ ಸದ್ದು ತೆಳ್ಳಗಿದ್ದರೆ ಇನ್ನೂ ತಳದಲ್ಲಿ ಏನೋ ಅಂಟಿದೆ ಎಂದು ಅರ್ಥವಂತೆ. ಸುರಿಯುವಾಗ ಪ್ರತಿ ಸಲವೂ ಅದೇ ಮಾತು: "ತಗಾ ತಾಯಿ, ನಿನ್ನ ಪಾಲು ನಿನಗೆ."

ದಾವಣಗೆರೆಯ ಹಳೇ ಪೇಟೆಯ ಓಣಿಯಲ್ಲಿ ನಮ್ಮದು ಉದ್ದನೆಯ, ಕತ್ತಲೆಯ ಮನೆ. ಹೊಕ್ಕ ಕೂಡಲೇ ಎಡಕ್ಕೆ ಎರಡು ಗೇಣು ತಗ್ಗಿನಲ್ಲಿ ಎಮ್ಮೆಗಳು, ಬಲಕ್ಕೆ ಎರಡು ಗೇಣು ಎತ್ತರದಲ್ಲಿ ನಾವು. ನಾವು ಮನುಷ್ಯರು ಅನ್ನುವುದಕ್ಕೆ ಆ ಎರಡು ಗೇಣೇ ಪುರಾವೆ. ನಾನು ಉಣ್ಣುತ್ತಾ ಕೂತರೆ ನನ್ನ ಗಂಗಾಳವೂ ಚೆನ್ನಿಯ ಮೂಗೂ ಒಂದೇ ಮಟ್ಟಕ್ಕೆ ಬರುತ್ತಿದ್ದವು. ಚೆನ್ನಿ ಅಂದರೆ ಹಾಲು ಕೊಡುವ ದೊಡ್ಡ ಎಮ್ಮೆ. ಅದರ ಪಕ್ಕ ಅದರದೇ ಮಗಳು ಗುಂಡಿ, ಇನ್ನೂ ಈಯದ ಮಣಕ. ಓಣಿಯಲ್ಲಿ ಎಮ್ಮೆ ಕಟ್ಟಿದ ಮನೆ ನಮ್ಮದೊಂದೇ ಆದ್ದರಿಂದ ಅಕ್ಕಪಕ್ಕದವರೆಲ್ಲ ತಮ್ಮ ಮನೆಯ ಮುಸುರೆ ನೀರು, ಅಕ್ಕಿ ತೊಳೆದ ನೀರು ತಂದು ನಮ್ಮ ಬಾನಿಗೆ ಸುರಿದು, ಪ್ರತಿಯಾಗಿ ಒಂದು ಚೊಂಬು ಮಜ್ಜಿಗೆ ಒಯ್ಯುತ್ತಿದ್ದರು. ಎದುರು ಮನೆಯ ರುದ್ರಪ್ಪಜ್ಜ ಸುರಿಯುತ್ತಿದ್ದ. ಮೂಲೆಯಲ್ಲಿ ತಗಡಿನ ಕೆಲಸ ಮಾಡುವ ಚಮನ್‌ಸಾಬರ ಹೆಂಡತಿ ಜೈತೂನಕ್ಕ ತನ್ನ ನೀಲಿ ಬೋಗುಣಿಯಲ್ಲಿ ಅಕ್ಕಚ್ಚು ತುಂಬಿಕೊಂಡು, ತುಳುಕದ ಹಾಗೆ ಉಸಿರು ಬಿಗಿಹಿಡಿದು ಬರುತ್ತಿದ್ದಳು. ನಾನು ಅವಳ ಹಿಂದೆಯೇ ಖಾಲಿ ಕೈಯಲ್ಲಿ ಬೋಗುಣಿ ಹಿಡಿದವನ ಹಾಗೆ ನಡೆಯುತ್ತಿದ್ದೆ. ಅವಳು ತಿರುಗಿ ನೋಡಿದರೆ ನನ್ನ ಕಾಣದ ಬೋಗುಣಿ ತುಳುಕುತ್ತಿತ್ತು. ಅವಳ ನಗುವಿಗೆ ಅವಳದು ನಿಜವಾಗಿಯೂ ತುಳುಕುತ್ತಿತ್ತು.

ನನ್ನ ಕಸುಬೇ ಅದು. ಮಗ್ಗಿ ತಪ್ಪಿದರೆ ಮೂಗು ಸೊಟ್ಟ ಮಾಡುವ ಮೇಷ್ಟ್ರು, ಮಾತಿಗೆ ಮುಂಚೆ ಮೂರು ಸಲ ಕೆಮ್ಮುವ ಅಪ್ಪ, ಕೂತಲ್ಲೇ ತೂಕಡಿಸಿ 'ನಾನೆಲ್ಲಿ ಮಲಗಿದ್ದೆ' ಎನ್ನುವ ರುದ್ರಪ್ಪಜ್ಜ, ಮೆಲುಕು ಹಾಕುವ ಚೆನ್ನಿ, ಎಲ್ಲರೂ ನನ್ನೊಳಗೆ ಬಾಡಿಗೆ ಇಲ್ಲದೆ ವಾಸವಾಗಿದ್ದರು. ಓಣಿಯವರು ನನ್ನನ್ನು ಅಣಕದ ಕೊಟ್ರ ಅನ್ನುತ್ತಿದ್ದರು. ಅಪ್ಪ ಹತ್ತಿ ಮಂಡಿಯಲ್ಲಿ ತೂಕ ಬರೆಯುವವನು, ಮೂಗಿನ ಕೂದಲಲ್ಲೂ ಹತ್ತಿಯ ಎಳೆ. ಅವನು ಮಾತ್ರ ನಗುತ್ತಿರಲಿಲ್ಲ.

"ಇವನಿಗೆ ಇವಂದು ಅಂತ ಒಂದು ಮುಖಾನೇ ಇಲ್ಲಲ್ಲೇ" ಎಂದು ಅವ್ವನ ಮುಂದೆ ಕೆಮ್ಮುತ್ತಿದ್ದ.

"ಇರೋ ಮುಖಾನ ತೊಳ್ಕೊಳ್ಳಲ್ಲ, ಇನ್ನೊಂದು ಯಾಕ ಬೇಕು ಅವನಿಗೆ?" ಅನ್ನುತ್ತಿದ್ದಳು ಅವ್ವ.

ಇಂಥವನ ಮಾತನ್ನು ಯಾರು ನಂಬುತ್ತಾರೆ? ಮನೆಗೆ ಬೆಂಕಿ ಬಿದ್ದಿದೆ ಎಂದು ನಾನು ಓಡಿ ಬಂದಿದ್ದರೂ 'ಬೆಂಕೀನ ಎಷ್ಟು ಚೆಂದ ಮಾಡ್ತಾನೆ ನೋಡ್ರಿ' ಅನ್ನುತ್ತಿದ್ದರು. ಇದರ ಬೆಲೆ ಏನು ಅನ್ನುವುದು ನನಗೆ ತಿಳಿದದ್ದು ಚೆನ್ನಿ ಸತ್ತ ದಿನ.

ಹಿಂದಿನ ಸಂಜೆ ಹರಿಹರದ ಕಡೆಯಿಂದ ನನ್ನ ಸೋದರಮಾವ ಬಂದಿದ್ದ. ಹೊಳೆದಂಡೆಯಲ್ಲಿ ಅವನದು ಹತ್ತಿ ಹೊಲ. ಆ ವರ್ಷ ಕಾಯಿಕೊರಕ ಹುಳ ಬಿದ್ದು, ಹೊಸದಾಗಿ ಬಂದಿದ್ದ ಯಾವುದೋ ಎಣ್ಣೆಯನ್ನು ಹೊಲಕ್ಕೆಲ್ಲ ಹೊಡೆಸಿದ್ದನಂತೆ. ಹುಳ ಹೋಯಿತು, ಕಪ್ಪೆ ಹೋಯಿತು, ಕಾಗೆ ಕೂಡ ಹೊಲದ ಕಡೆ ಬರುವುದು ಬಿಟ್ಟಿತು ಎಂದು ಹೆಮ್ಮೆಯಿಂದ ಹೇಳಿದ. ಗೋಣಿಚೀಲದಿಂದ ಕುಂಬಳಕಾಯಿ ತೆಗೆದ, ಜೋಳ ತೆಗೆದ. ಕೊನೆಗೆ ಅಜ್ಜಿಯ ಕೈಗೆ ಒಂದು ತಗಡಿನ ಡಬ್ಬಿ ಕೊಟ್ಟ. ಅಜ್ಜಿಗೆ ಡಬ್ಬಿ ಅಂದರೆ ಬಂಗಾರ. ಗಟ್ಟಿ ತಗಡು, ಬೆಸುಗೆ ಬಿಟ್ಟಿಲ್ಲ, ಮುಚ್ಚಳವೊಂದು ಹಾಕಿಸಿದರೆ ಹತ್ತು ವರ್ಷ ಶೇಂಗಾ ತುಂಬಿಡಬಹುದು. ಅವಳು ಅದನ್ನು ಅವಚಿಕೊಂಡು ಒಳಗೆ ಹೋದದ್ದನ್ನು ನಾನು ಬೆನ್ನ ಕಡೆಯಿಂದ ಕಂಡೆ.

"ಚೊಲೋತ್ನಾಗ ತೊಳೀರಿ ಅತ್ತೀ" ಎಂದು ಮಾವ ಕೂಗಿ ಹೇಳಿದ.

"ನನಗs ಪಾತ್ರೆ ತೊಳೆಯೋದು ಕಲಿಸ್ತೀಯೇನೋ?" ಎಂದಳು ಅಜ್ಜಿ.

ಮಾವ ನಸುಕಿನ ಬಸ್ಸಿಗೇ ಊರಿಗೆ ಹೋಗಿದ್ದ. ಬೆಳಿಗ್ಗೆ ನಾನು ಎದ್ದಾಗ ಅಜ್ಜಿ ಬಾನಿಯ ಹತ್ತಿರ, ನನ್ನ ಕಡೆ ಬೆನ್ನು ಮಾಡಿ, ಗಲಬರಿಸುತ್ತಿದ್ದಳು. ನಾನು ಅವಳ ಹಿಂದೆ ನಿಂತು, ಇಲ್ಲದ ಡಬ್ಬಿಯನ್ನು ಎದೆಗವಚಿ ಎಡಕ್ಕೆ ಎರಡು, ಬಲಕ್ಕೆ ಎರಡು ತೂಗಿ, ಕಿವಿಗೆ ಹಿಡಿದು ಹುಬ್ಬು ಗಂಟಿಕ್ಕಿದೆ. ಒಲೆಯ ಮುಂದಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟೇ. ದಿನಕ್ಕೆ ಇಪ್ಪತ್ತು ಸಲ ನೋಡುವುದನ್ನು, ಇಪ್ಪತ್ತು ಸಲ ಅಣಕಿಸುವುದನ್ನು ಯಾರು ನೆನಪಿಡುತ್ತಾರೆ? ಮುಖ ತೊಳೆದು ಓಣಿಗೆ ಓಡಿದೆ.

ಬಿಸಿಲೇರುವ ಹೊತ್ತಿಗೆ ಮನೆಗೆ ಬಂದರೆ ಚೆನ್ನಿ ನಾಲ್ಕೂ ಕಾಲು ಅಗಲಿಸಿ ನಿಂತಿತ್ತು. ಬಾಯಿಂದ ಜೊಲ್ಲು ಹಗ್ಗದ ಹಾಗೆ ನೆಲದವರೆಗೆ ಇಳಿದಿತ್ತು. ಕಣ್ಣಲ್ಲಿ ನೀರು. ಹೊಟ್ಟೆ ನೀರುನೀರಾಗಿ ಹೋಗಿತ್ತು. ಭುಜದ ಚರ್ಮ ನೊಣ ಓಡಿಸುವಾಗ ಅದುರುವ ಹಾಗೆ ಅದುರುತ್ತಿತ್ತು, ಆದರೆ ನೊಣ ಇರಲಿಲ್ಲ. ಬಗ್ಗಿ ಕಣ್ಣು ನೋಡಿದೆ. ಎಮ್ಮೆಯ ಕಣ್ಣಿನ ಪಾಪೆ ಅಡ್ಡಡ್ಡ, ಅವರೆಕಾಳಿನ ಹಾಗೆ ಇರುತ್ತದೆ, ಕತ್ತಲಲ್ಲಿ ದೊಡ್ಡದಾಗುತ್ತದೆ. ಅವತ್ತು ಆ ಕತ್ತಲೆಯ ಕೊಟ್ಟಿಗೆಯಲ್ಲೂ ಅದು ಉಗುರಿನಿಂದ ಗೀರಿದ ಗೆರೆಯಷ್ಟೇ ಇತ್ತು. ಎಮ್ಮೆಯನ್ನು ಅಣಕಿಸಬೇಕಾದರೆ ಮೊದಲು ಅದರ ಕಣ್ಣು ಕಲಿಯಬೇಕು, ಹಾಗಾಗಿ ಇದು ಸರಿಯಿಲ್ಲ ಅಂತ ನನಗೆ ತಟ್ಟನೆ ಗೊತ್ತಾಯಿತು.

ಅಷ್ಟರಲ್ಲಿ ಮನೆ ತುಂಬಾ ವೈದ್ಯರು. ಅಜ್ಜಿ, ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಘಾಟಿಗೆ ನಮಗೆಲ್ಲ ಜೊಲ್ಲು ಬಂತು, ಎಮ್ಮೆಗೆ ಇದ್ದ ಜೊಲ್ಲು ನಿಲ್ಲಲಿಲ್ಲ. ರುದ್ರಪ್ಪಜ್ಜ ಎಚ್ಚರವಾಗಿದ್ದ, ದುರದೃಷ್ಟ.

"ಹಾವು ಮುಟ್ಟೈತೆ. ಇಲ್ಲಾಂದ್ರ ಗಳಲೆ ರೋಗ. ಬರೆ ಎಳೀರಿ, ಎರಡಕ್ಕೂ ಅದs ಮದ್ದು."

"ಅಜ್ಜಾ, ಗಳಲೆ ಆದ್ರ ಗಂಟಲು ಬಾವಬೇಕಲ್ಲ, ಬಾತಿಲ್ಲ. ಕಣ್ಣು ನೋಡ್ರಿ, ಕಣ್ಣು!" ಎಂದೆ. ಯಾರೂ ನೋಡದಿದ್ದಾಗ ಅರ್ಥವಾಗಲಿ ಎಂದು ಕೈಕಾಲೂರಿ ನಿಂತು, ಭುಜ ಅದುರಿಸಿ, ಕಣ್ಣು ಕಿರಿದು ಮಾಡಿ, ಜೊಲ್ಲು ಬಿಟ್ಟು ತೋರಿಸಿದೆ. ನೋಡಲು ಬಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅಜ್ಜಿ ಬಂದು ನನ್ನ ಬೆನ್ನಿಗೆ ಸಟ್ಟುಗದಿಂದ ಬಾರಿಸಿದಳು.

"ಅದು ಜೀವ ಬಿಡಾಕ ಹತ್ತೈತೆ, ನಿನಗ ಆಟ!"

ಆಟವಲ್ಲ ಎಂದು ಹೇಳಲು ಬಾಯಿ ತೆರೆದರೆ ಬಾಯಿ ತುಂಬ ಜೊಲ್ಲು. ಅಪ್ಪನೊಬ್ಬ ಮಂಡಿಯಿಂದ ಓಡಿ ಬಂದವನು, ಮೂರು ಸಲ ಕೆಮ್ಮಿ, ದನದ ಆಸ್ಪತ್ರೆಗೆ ಹೋಗು ಎಂದ. ಓಡಿದೆ. ಡಾಕ್ಟ್ರು ಮಾಯಕೊಂಡದ ಕಡೆ ಕ್ಯಾಂಪಿಗೆ ಹೋಗಿದ್ದರು. ಅಲ್ಲಿನ ಜವಾನ ಎಲೆ ಅಡಿಕೆ ಮೆಲ್ಲುತ್ತಾ, ಬೇಕಾದರೆ ಹರಿಹರದ ಡಾಕ್ಟ್ರನ್ನು ಕರೆತರಬಹುದು, ಬೇಡವಾದರೆ ನಾಳೆ ಬರಬಹುದು ಎಂದ. ಎರಡೂ ಒಂದೇ ಎನ್ನುವ ದನಿಯಲ್ಲಿ ಹೇಳಿದ. ಆ ದನಿ ಇಂದಿಗೂ ನನಗೆ ಬರುತ್ತದೆ, ಸರ್ಕಾರಿ ಕಚೇರಿಗೆ ಹೋದಾಗಲೆಲ್ಲ ಅಭ್ಯಾಸವೂ ಆಗುತ್ತದೆ. ಮನೆಗೆ ಬಂದು ಹೇಳಿದೆ. ಅಪ್ಪ ಎಮ್ಮೆ ಬಿಟ್ಟು ಬರುವಂತಿರಲಿಲ್ಲ. ಬಸ್ಸಿಗೆ ಚಿಲ್ಲರೆ ಕೊಟ್ಟು, "ಒಂದಿನಾನಾದ್ರೂ ನೆಟ್ಟಗ ಮಾತಾಡು" ಎಂದು ಬೇಡಿಕೊಂಡ.

ಹರಿಹರದ ದನದ ಡಾಕ್ಟ್ರು ಮೈಸೂರು ಕಡೆಯವರು. ಖಾಕಿ ಅರ್ಧ ಚಡ್ಡಿ, ಮೊಣಕೈವರೆಗೂ ಮಡಿಸಿದ ತೋಳು. ಜಗುಲಿಯಲ್ಲಿ ಹೋತ, ಎತ್ತು, ಅವುಗಳಿಗಿಂತ ಹೆಚ್ಚು ನರಳುವ ಯಜಮಾನರು. ನನ್ನ ಸರದಿ ಬರುವ ತನಕ ಬೆರಳು ಕಚ್ಚಿಕೊಂಡು ನಿಂತೆ.

"ಏನಪ್ಪಾ ಆಗಿದೆ ಎಮ್ಮೆಗೆ?"

ನೆಟ್ಟಗೆ ಮಾತಾಡಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಸಿಗಲಿಲ್ಲ. "ಅದು... ಹಿಂಗೆ ನಿಂತೈತ್ರಿ" ಎಂದು ಅಲ್ಲೇ ಜಗುಲಿಯ ಮೇಲೆ ಕೈಕಾಲೂರಿಬಿಟ್ಟೆ. ಕಾಲು ಅಗಲಿಸಿದೆ, ಕುತ್ತಿಗೆ ಚಾಚಿದೆ, ಏದುಸಿರು ಬಿಟ್ಟೆ. ಹೋತದ ಯಜಮಾನ ಚಪ್ಪಾಳೆ ತಟ್ಟಿದ. ಡಾಕ್ಟ್ರ ಮುಖ ಕೆಂಪಾಯಿತು.

"ನಾಟಕ ಆಡೋಕೆ ಬಂದಿದ್ಯೇನಯ್ಯಾ? ಏಳು ಮೇಲೆ!"

ಏಳಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಅದು ಎಮ್ಮೆಯದೋ ನನ್ನದೋ ಹೇಳಲಾರೆ. ಭುಜದ ಹತ್ತಿರ ಚರ್ಮ ಹೇಗೆ ಅದುರುತ್ತಿತ್ತೋ ಹಾಗೆ ಅದುರಿಸಿದೆ. ಬೈಯಲು ತೆರೆದ ಬಾಯಿಯನ್ನು ಡಾಕ್ಟ್ರು ಹಾಗೇ ಮುಚ್ಚಿದರು. ನನ್ನೆದುರು ಕುಕ್ಕರುಗಾಲಲ್ಲಿ ಕೂತರು.

"ಇನ್ನೊಂದ್ಸಲ ಮಾಡು, ಆ ಭುಜ. ನೊಣ ಇತ್ತಾ ಅಲ್ಲಿ?"

"ಒಂದೂ ಇರ್ಲಿಲ್ಲ ಸಾರ್."

"ಕಣ್ಣಿನ ಪಾಪೆ ನೋಡಿದ್ಯಾ?"

ಉಗುರಿನಿಂದ ಅಂಗೈ ಮೇಲೆ ಗೆರೆ ಎಳೆದು ತೋರಿಸಿದೆ. "ಇಷ್ಟs ಇತ್ರಿ. ಕತ್ತಲಾಗೂ ಇಷ್ಟs."

ಹುಟ್ಟಿದಂದಿನಿಂದ ನನ್ನ ಅಣಕಕ್ಕೆ ನಕ್ಕವರಿದ್ದರು, ಹೊಡೆದವರಿದ್ದರು. ಅದರಿಂದ ಏನನ್ನೋ ತಿಳಿದುಕೊಂಡು ಎದ್ದು, ಬೀರು ತೆಗೆದು, ಗಾಜಿನ ಸೂಜಿಮದ್ದುಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿಕೊಂಡವರು ಇವರೊಬ್ಬರೇ. ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಅದು ಏನು ತಿಂತು, ಏನು ಕುಡೀತು? "ಎಲ್ಲಾರ ಮನೆ ಮುಸುರೇನೂ ಕುಡಿತದ್ರಿ" ಎಂದೆ. ಡಾಕ್ಟ್ರು ಹಣೆ ಒತ್ತಿಕೊಂಡರು.

ನಾವು ಓಣಿ ಸೇರುವ ಹೊತ್ತಿಗೆ ಚೆನ್ನಿ ಸತ್ತಿತ್ತು. ಬರೆ ಎಳೆದ ಎರಡು ಹಸಿ ಗೆರೆಗಳು ಹೊಟ್ಟೆಯ ಮೇಲಿದ್ದವು. ಪಕ್ಕದಲ್ಲಿ ಗುಂಡಿಗೂ ಜೊಲ್ಲು ಶುರುವಾಗಿತ್ತು. ತಾಯಿ ಬಿಟ್ಟ ಬಾನಿಯ ತಳವನ್ನು ಅದು ನೆಕ್ಕಿತ್ತಂತೆ. ಡಾಕ್ಟ್ರು ಸತ್ತ ಎಮ್ಮೆಯ ಬಾಯಿ ಬಿಡಿಸಿ ಮೂಸಿದರು. ಬಾನಿಗೆ ಬಗ್ಗಿ ಮೂಸಿದರು.

"ಇವತ್ತು ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ರಾ?"

"ಒಗ್ಗರಣೆ ಎಲ್ಲಿಂದ ಬರ್ಬೇಕ್ರಿ, ಬೆಳಗಿಂದ ಒಲೆ ಮ್ಯಾಲೆ ಅನ್ನಾನೂ ಇಟ್ಟಿಲ್ಲ" ಎಂದಳು ಅವ್ವ.

"ಹಾಗಾದ್ರೆ ಈ ಬೆಳ್ಳುಳ್ಳಿ ವಾಸನೆ ಬೆಳೆಗೆ ಹೊಡೆಯೋ ಎಣ್ಣೇದು. ನೋಡಿ, ಇದಕ್ಕೆ ನನ್ನ ಹತ್ರ ಸೂಜಿಮದ್ದು ಇದೆ. ಆದರೆ ಆ ಮದ್ದೂ ಒಂದು ವಿಷಾನೇ. ಎಣ್ಣೆ ಹೊಟ್ಟೆಗೆ ಹೋಗಿದ್ರೆ ಹೆಚ್ಚು ಹಾಕ್ಬೇಕು, ಆಗ ಬದುಕುತ್ತೆ. ಹೋಗಿರದೆ ನಾನು ಹಾಕಿದ್ರೆ ನಾನೇ ಕೊಂದ ಹಾಗಾಗುತ್ತೆ. ಯಾರಾದ್ರೂ ನೋಡಿದವರು ಹೇಳಿ. ಈ ಮನೇಲಿ ಅಂಥ ಎಣ್ಣೆ ಇದೆಯಾ?"

"ನಾವು ಪ್ಯಾಟೆಯವರು ಸ್ವಾಮಿ, ನಮ್ಮ ಮನ್ಯಾಗ ಎಲ್ಲಿಂದ ಬರ್ಬೇಕು?" ಎಂದ ಅಪ್ಪ. ಅಜ್ಜಿ ಚೆನ್ನಿಯ ತಲೆಯ ಹತ್ತಿರ ಕೂತಿದ್ದವಳು ಇಲ್ಲ ಎಂದು ಕೈ ಆಡಿಸಿದಳು.

ಆಗ ನನಗೆ ನೆನಪಾಯಿತು. ಆಸ್ಪತ್ರೆಗೆ ಓಡುವಾಗ ಮೂಲೆಯ ಚಮನ್‌ಸಾಬರ ಅಂಗಡಿಯ ಮುಂದೆ ಒಂದು ಡಬ್ಬಿ ಕಂಡಿದ್ದೆ, ಅದರ ಮೇಲೆ ತಲೆಬುರುಡೆ, ಎರಡು ಎಲುಬಿನ ಚಿತ್ರ. ಬುರುಡೆಯ ನಗುವನ್ನು ಓಡುತ್ತಲೇ ಒಮ್ಮೆ ಅಣಕಿಸಿಯೂ ಇದ್ದೆ. ಪತ್ತೇದಾರನ ಗತ್ತಿನಲ್ಲಿ ಎಲ್ಲರ ಮುಂದೆ ಕೂಗಿ ಹೇಳಿದೆ. ಆವತ್ತು ಇಡೀ ದಿನದಲ್ಲಿ ನನ್ನ ಒಂದೇ ಒಂದು ಮಾತನ್ನು ಓಣಿ ನಂಬಿತು ಅಂದರೆ ಅದು ಇದೇ. ನಾಲ್ಕು ಮಂದಿ ಹೋಗಿ ಚಮನ್‌ಸಾಬರನ್ನು ಡಬ್ಬಿಯ ಸಮೇತ ಕರೆತಂದರು. ರುದ್ರಪ್ಪಜ್ಜ, ಜೈತೂನಕ್ಕನ ಬೋಗುಣಿಯಲ್ಲೇ ಏನೋ ಬಂದಿರಬೇಕು ಎಂದು ಆಗಲೇ ತೀರ್ಪು ಕೊಟ್ಟಿದ್ದ. ಜೈತೂನಕ್ಕ ಬಾಗಿಲಾಚೆ ನಿಂತಿದ್ದಳು.

ಚಮನ್‌ಸಾಬರು ಡಬ್ಬಿಯನ್ನು ಅಜ್ಜಿಯ ಮುಂದೆ ಇಟ್ಟರು.

"ಅಮ್ಮಾರ, ಇದು ನಿಮ್ಮs ಡಬ್ಬಿ ಐತಲ್ರಿ. ಬೆಳಿಗ್ಗೆ ನೀವs ಬಂದು, ಮುಚ್ಚಳ ಹಾಕಿ ಕೊಡು ಚಮನಾ ಅಂತ ಕೊಟ್ಟು ಹೋದ್ರಿ. ತೊಳದೀನಿ ಅಂದ್ರಿ."

"ನಾ ಕೊಟ್ಟಿಲ್ಲ" ಎಂದಳು ಅಜ್ಜಿ. ನೆಲ ನೋಡುತ್ತಿದ್ದಳು.

"ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ" ಎಂದ ಅಪ್ಪ. ಕೆಮ್ಮಲಿಲ್ಲ. ಅದೊಂದೇ ಮಾತನ್ನು ಅವನು ಕೆಮ್ಮದೆ ಹೇಳಿದ್ದು.

"ಡಬ್ಬಿ ಯಾರದ್ದಾದ್ರೂ ಆಗ್ಲಿ ರೀ!" ಎಂದು ಡಾಕ್ಟ್ರು ಕೂಗಿದರು. "ಇದರೊಳಗಿನದು ಆ ಬಾನಿಗೆ ಬಿತ್ತೋ ಇಲ್ವೋ, ಅಷ್ಟು ಹೇಳಿ ನನಗೆ!"

ಗುಂಡಿಯ ಭುಜ ಅದುರತೊಡಗಿತ್ತು. ನಾನು ಆ ಡಬ್ಬಿ ನೋಡಿದೆ. ಅದರ ಎತ್ತರ, ಅದರ ಅಗಲ. ನನ್ನ ಎರಡು ತೋಳಿಗೆ ಆ ಅಳತೆ ಗೊತ್ತಿತ್ತು. ಬೆಳಿಗ್ಗೆ ನಾನು ಗಾಳಿಯಲ್ಲಿ ಅವಚಿಕೊಂಡಿದ್ದು ಇದನ್ನೇ. ಬುರುಡೆಯ ಚಿತ್ರ ಅಜ್ಜಿಯ ಎದೆಯ ಕಡೆ ಇತ್ತು, ನನ್ನ ಕಡೆ ಬೆನ್ನಿತ್ತು. ಒಲೆಯ ಮುಂದೆ ಅವ್ವ ನಕ್ಕಿದ್ದಳು. ಅವ್ವನ ಕಡೆ ತಿರುಗಿದೆ. ಅವಳು ತುಟಿ ಕಚ್ಚಿ ನಿಂತಿದ್ದಳು. ಡಬ್ಬಿ ತಂದವನು ಅವಳ ತಮ್ಮ. ಬಾಯಿಬಿಟ್ಟರೆ ಅವಳ ತವರಿನಿಂದಲೇ ವಿಷ ಬಂದಂತಾಗುತ್ತದೆ.

"ಅಜ್ಜಿನೇ ಸುರಿದಾಳೆ" ಎಂದೆ. "ಅಜ್ಜಿನೇ!" ಎಂದು ಕೂಗಿದೆ. ರುದ್ರಪ್ಪಜ್ಜ, "ಲೇ ಅಣಕಾ, ಈಗಿನ್ನೂ ಚಮನ ಅಂದಿ, ಈಗ ಅಜ್ಜಿ ಅಂತಿ, ಆಮ್ಯಾಲೆ ನನ್ನ ಹೆಸರು ಹೇಳ್ತೀಯೇನು?" ಎಂದ. ಜನ ನಕ್ಕರು. ನನಗೆ ನೆಲಕ್ಕೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಮಾತಿನಲ್ಲಿ ನನ್ನನ್ನು ನಂಬುವವರು ಈ ಓಣಿಯಲ್ಲಿ ಇಲ್ಲ. ಹಾಗಾದರೆ ಸರಿ. ಹೋಗಿ ಆ ಡಬ್ಬಿ ಎತ್ತಿಕೊಂಡೆ, ಬುರುಡೆ ಎದೆಯ ಕಡೆಗಿಟ್ಟು. ಬಾನಿಯ ಹತ್ತಿರ, ಅಜ್ಜಿ ನಿಲ್ಲುವ ಕಲ್ಲಿನ ಮೇಲೆ, ಅಜ್ಜಿ ನಿಲ್ಲುವ ಹಾಗೆ ಎಡಗಾಲಿಗೆ ಭಾರ ಕೊಟ್ಟು ನಿಂತೆ. ನೀರು ಹಾಕಿದೆ, ಇಲ್ಲದ ನೀರು. ಎಡಕ್ಕೆ ಎರಡು ಸಲ ತೂಗಿದೆ. ಬಲಕ್ಕೆ ಎರಡು. ಯಾರೋ ಹೆಂಗಸು ಪುಸಕ್ಕನೆ ನಕ್ಕಳು, ಅಷ್ಟು ಸರಿಯಾಗಿತ್ತು ಅದು. ಡಬ್ಬಿಯನ್ನು ಕಿವಿಗೆ ಹಿಡಿದು ಹುಬ್ಬು ಗಂಟಿಕ್ಕಿದೆ. ನಗು ನಿಂತಿತು. ಬಾನಿಗೆ ಬಗ್ಗಿಸಿದೆ.

"ತಗಾ ತಾಯಿ" ಎಂದೆ, ಅಜ್ಜಿಯದೇ ದನಿಯಲ್ಲಿ. "ನಿನ್ನ ಪಾಲು ನಿನಗೆ."

ಇಡೀ ಓಣಿಗೆ ಗೊತ್ತಿದ್ದ ಮಾತು ಅದು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ನನ್ನನ್ನು ನೋಡುತ್ತಿದ್ದಳು. ತನ್ನನ್ನೇ ಹೊರಗಿನಿಂದ ಕಂಡವರ ಮುಖ ಹೇಗಿರುತ್ತದೆ ಎಂದು ಅವತ್ತು ನೋಡಿದೆ. ಅದೊಂದು ಮುಖವನ್ನು ನಾನು ಯಾವತ್ತೂ ಅಣಕಿಸಿಲ್ಲ.

"ಹೌದ್ರಿ ಡಾಕ್ಟ್ರೇ" ಎಂದಳು ಅವ್ವ. "ಹುಡುಗ ಆಡ್ತಿರೋದು ಖರೇ ಐತೆ. ಬೆಳಿಗ್ಗೆ ನಾನೂ ನೋಡೀನಿ. ಡಬ್ಬಿ ನನ್ನ ತಮ್ಮ ತಂದಿದ್ದು."

ಡಾಕ್ಟ್ರು ಆಗಲೇ ಸೂಜಿಗೆ ಮದ್ದು ಏರಿಸುತ್ತಿದ್ದರು. ಒಂದಾದ ಮೇಲೆ ಒಂದು, ಎಷ್ಟು ಚುಚ್ಚಿದರೋ. ನನ್ನನ್ನು ಗುಂಡಿಯ ತಲೆಯ ಹತ್ತಿರ ಕೂರಿಸಿ ಕಣ್ಣು ನೋಡುತ್ತಿರು ಎಂದರು. ನೋಡಿದೆ. ಬಹಳ ಹೊತ್ತಿನ ಮೇಲೆ ಆ ಗೆರೆ ನಿಧಾನವಾಗಿ ಕಾಳಾಯಿತು. ಜೊಲ್ಲು ಒಣಗಿತು. ಗುಂಡಿ ಬದುಕಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಂದಿಗೂ ಹಲ್ಲು ಕಡಿಯುತ್ತಿರಲಿಲ್ಲ. ಡಾಕ್ಟ್ರು, ಬಾಯಿಮಾತು ಸಾಲದು, ಹೊಟ್ಟೆಯೊಳಗಿನದನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಬೇಕು, ಒಂದು ಸ್ವಚ್ಛ ಗಾಜಿನ ಭರಣಿ ಕೊಡಿ ಎಂದರು. ಅಜ್ಜಿ ಉಪ್ಪಿನಕಾಯಿ ಭರಣಿ ಕೊಡಲಿಲ್ಲ. ಅಪ್ಪ ಅಟ್ಟದ ಮೇಲೆ ಹುಡುಕಿದ ಹಾಗೆ ಮಾಡಿದ. ಕೊನೆಗೆ ಚಮನ್‌ಸಾಬರು ತಮ್ಮ ಮನೆಯಿಂದ ಒಂದು ಭರಣಿ ತಂದರು. ಅದು ಒಡೆಯದಂತೆ ಸುತ್ತಲೂ ತಗಡಿನ ಪೆಟ್ಟಿಗೆ ಮಾಡಿ, ನಮ್ಮ ಕಟ್ಟೆಯ ಮೇಲೆಯೇ ಕೂತು ಬೆಸುಗೆ ಹಾಕಿದರು. ಅದೇ ದಿನ ಅವರನ್ನು ಎಳೆದು ತಂದವರು ಸುತ್ತ ನಿಂತು, "ಇಲ್ಲಿ ಸ್ವಲ್ಪ ಸಂದು ಬಿಟ್ಟೈತೆ ನೋಡ್ರಿ ಸಾಬ್ರೇ" ಎಂದು ಸಲಹೆ ಕೊಟ್ಟರು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಬಂದ ಕಾಗದದಲ್ಲಿ, ಮಾದರಿಯು ಪರೀಕ್ಷೆಗೆ ಯೋಗ್ಯ ಸ್ಥಿತಿಯಲ್ಲಿ ಇರಲಿಲ್ಲ ಎಂದು ಬರೆದಿತ್ತು. ಅಪ್ಪ ಅದನ್ನು ಪಡಸಾಲೆಯಲ್ಲಿ ನಿಂತು ಓಣಿಗೆ ಕೇಳುವಂತೆ ಓದಿದ.

"ಅಂದ್ರ ಏನೂ ಸಾಬೀತಾಗ್ಲಿಲ್ಲ. ನೋಡ್ರಿ, ಸರ್ಕಾರದವರs ಬರದಾರೆ."

ಅದೇ ಕಾಗದವನ್ನು ಅಜ್ಜಿ ದೇವರ ಗೂಡಿನಲ್ಲಿಟ್ಟಳು. ಅವ್ವನ ಜೊತೆ ಮಾತು ಬಿಟ್ಟಳು. ಒಂದೇ ಒಲೆಯ ಮುಂದೆ ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು. 'ಉಪ್ಪು ಸಾಕಂತಾ ಕೇಳು', 'ಸಾಕಂತ ಹೇಳು'. ನಾನು ಇಬ್ಬರ ದನಿಯನ್ನೂ ಯಥಾವತ್ತಾಗಿ ಒಪ್ಪಿಸುತ್ತಿದ್ದೆ, ಯಾರೂ ನಗುತ್ತಿರಲಿಲ್ಲ. ಡಾಕ್ಟ್ರ ಮಾತಿನಂತೆ ಬಾನಿಯನ್ನು ಸುಣ್ಣ ಹಾಕಿ ತಿಕ್ಕಿ, ಹೊರಗೋಡೆಯ ಪಕ್ಕ ಬೋರಲು ಹಾಕಿದ್ದರು. ಹೊಸ ಬಾನಿ ಇಟ್ಟ ಮೇಲೂ ಜೈತೂನಕ್ಕ ಬರಲಿಲ್ಲ. ಅಕ್ಕಚ್ಚನ್ನು ತನ್ನ ಬಾಗಿಲ ಮುಂದಿನ ಚರಂಡಿಗೆ ಚೆಲ್ಲುತ್ತಿದ್ದಳು, ನಾವು ನೋಡುತ್ತಿರುವಾಗಲೇ. ಅಜ್ಜಿಯೂ ಮಜ್ಜಿಗೆ ಕಳಿಸಲಿಲ್ಲ.

ಒಂದು ದಿನ ಧೈರ್ಯ ಮಾಡಿ ಚಮನ್‌ಸಾಬರ ಅಂಗಡಿಗೆ ಹೋದೆ. ಡಬ್ಬಿ ತೋರಿಸಿದವನು ನಾನು, ಮೊದಲ ಕಲ್ಲು ನನ್ನದೇ. ಹೇಗೆ ಶುರು ಮಾಡಬೇಕೋ ತಿಳಿಯದೆ ರುದ್ರಪ್ಪಜ್ಜನ ತೂಕಡಿಕೆ ಮಾಡಿದೆ, ಅಪ್ಪ ಕಾಗದ ಓದಿದ್ದು ಮಾಡಿದೆ. ಅವರು ಕತ್ತರಿ ಕೆಳಗಿಟ್ಟರು.

"ಎಲ್ಲಾರದ್ದೂ ಮಾಡ್ತೀಯಲ್ಲೋ ಬೇಟಾ. ನಿಂದು ಮಾಡು, ನೋಡಾಣ."

ಬಾಯಿ ತೆರೆದೆ. ಅಪ್ಪನ ಕೆಮ್ಮು ಬಂತು, ಮೂರು ಸಲ. ಚಮನ್‌ಸಾಬರು ಕತ್ತರಿ ಎತ್ತಿಕೊಂಡು ತಗಡು ಕತ್ತರಿಸತೊಡಗಿದರು. ಮುಂದಿನ ವರ್ಷ ಹರಿಹರದಲ್ಲಿ ಕಾರ್ಖಾನೆಯೊಂದರ ಹತ್ತಿರ ಕೆಲಸ ಹೆಚ್ಚೆಂದು ಅವರು ಅಂಗಡಿ ಎತ್ತಿ ಅಲ್ಲಿಗೇ ಹೋದರು. ಗಾಡಿಗೆ ಸಾಮಾನು ಏರಿಸುವಾಗ ನಾನು ಕಿಟಕಿಯ ಹಿಂದೆ ನಿಂತಿದ್ದೆ.

ನಾನು ಕಾಲೇಜು ಸೇರುವ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ದಿನವೆಲ್ಲ ಆ ಬೋರಲು ಬಾನಿಯ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದಳು. ಪಾತ್ರೆ ತೊಳೆದ ಮೊದಲ ನೀರನ್ನು ಅವಳು ಈಗ ಗೋಡೆ ಹಿಡಿದುಕೊಂಡು ಹೋಗಿ ಚರಂಡಿಗೆ ಚೆಲ್ಲಿ ಬರುತ್ತಿದ್ದಳು, ಅದು ಬರೀ ಅನ್ನದ ತಪ್ಪಲೆಯದಾದರೂ. ಒಂದು ಮಧ್ಯಾಹ್ನ ನನ್ನ ಹೆಜ್ಜೆ ಸದ್ದು ಕೇಳಿ ಕರೆದಳು.

"ಲೇ ಕೊಟ್ರಾ. ಅವತ್ತು ಮಾಡಿದ್ಯಲ್ಲ, ನನ್ನಂಗ. ಮಾಡು."

"ಬ್ಯಾಡ ಬಿಡಜ್ಜಿ."

"ಮಾಡಂದ್ರ ಮಾಡಲೇ. ಬಡಿಗಿ ತಗಳ್ಲಾ?"

ಒಳಗಿನಿಂದ ಒಂದು ಡಬ್ಬಿ ತಂದೆ. ಅವಳಿಗೆ ಕಾಣುವುದಿಲ್ಲ, ಕೇಳಿಸಲಿ ಎಂದು ನಿಜವಾದ ನೀರು ಹಾಕಿದೆ. ಎಡಕ್ಕೆ ಎರಡು, ಬಲಕ್ಕೆ ಎರಡು. ಕಿವಿಗೆ ಹಿಡಿದೆ. ಅವಳೂ ಕತ್ತು ವಾರೆ ಮಾಡಿ ಕೇಳಿಸಿಕೊಂಡಳು. ನೀರನ್ನು ನೆಲಕ್ಕೆ ಸುರಿದೆ.

"ಮುಗೀತಾ?"

"ಮುಗೀತು."

"ಹಂಗಲ್ಲ" ಎಂದಳು ಅಜ್ಜಿ. "ಒಂದ್ಸಲ ಅಲ್ಲ. ಎರಡು ಸಲ ಗಲಬರಿಸಿದ್ದೆ. ವಾಸನಿ ಹೋಗಿರ್ಲಿಲ್ಲ. ಎರಡೂ ನೀರು ಚೆನ್ನಿಗs ಹಾಕಿದೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಚಮನ ಹರಿಹರದಾಗ ಅದಾನಂತಲ್ಲ. ಹೋಗು. ಅವನ ಮುಂದ ಮಾಡಿ ತೋರಿಸು, ನನ್ನಂಗs. ಅವನ ಹೆಂಡ್ತೀನೂ ಕರಿಯಾಕ ಹೇಳು. ಎರಡು ಸಲ ಅನ್ನೋದು ಮರೀಬ್ಯಾಡ."

ಮಾರನೆಯ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಖಾಲಿ ಡಬ್ಬಿ. ಪಕ್ಕದಲ್ಲಿ ಕೂತವನು ದಾರಿಯುದ್ದಕ್ಕೂ ನನ್ನನ್ನೇ ವಾರೆಗಣ್ಣಿನಿಂದ ನೋಡುತ್ತಿದ್ದ. ಇಲ್ಲದ ನೀರು ಹಾಕಿ, ತೂಗಿ, ಕಿವಿಗೆ ಹಿಡಿದು, ಸುರಿದು, ಮತ್ತೆ ಹಾಕಿ, ಮತ್ತೆ ತೂಗಿ, ನಾನು ಎರಡನೆಯ ಸಲದ್ದನ್ನು ಕಲಿಯುತ್ತಿದ್ದೆ.